ಹಿಮದ ನಾಡಿಗೆ ಹೋಗುವವರ ದಾರಿ ಮತ್ತು ಉಡುಪು

ಎರೆಭೂಮಿಯ ಮಕ್ಕಳಾದ ನಾವು ಬಿಸಿಲನ್ನು ಬಲ್ಲಷ್ಟು ಚಳಿಯನ್ನು ಬಲ್ಲವರಲ್ಲ. ಪುಷ್ಯಮಾಸದ ಬೆಳಗಿನಲ್ಲಿ ಉಷ್ಣತೆ ಹದಿಮೂರು-ಹದಿನಾಲ್ಕು ಡಿಗ್ರಿಗೆ ಇಳಿದರೆ ಸಾಕು, ನವಲಗುಂದದಿಂದ ಕಲಘಟಗಿಯವರೆಗೆ ಅಂಗಳ ಅಂಗಳದಲ್ಲಿ ಕಸಕಡ್ಡಿಯ ಬೆಂಕಿ ಏಳುತ್ತದೆ. ಹಿರಿಯರು ಕಿವಿ ಮುಚ್ಚುವಂತೆ ರುಮಾಲು ಸುತ್ತುತ್ತಾರೆ. ನಮ್ಮ ಕಾಲೇಜಿನಲ್ಲಿ ಮೊದಲನೆಯ ತಾಸಿನ ಹಾಜರಿ ಅರ್ಧಕ್ಕೆ ಇಳಿಯುತ್ತದೆ. ಇಂಥ ನಾಡಿನ ವಿದ್ಯಾರ್ಥಿಯೊಬ್ಬ ಧ್ರುವಪ್ರದೇಶದ ಚಳಿಯನ್ನು ಕುರಿತು ಬರೆಯಹೊರಟರೆ ಕೆಲವರಿಗೆ ನಗೆ ಬರಬಹುದು. ಆದರೆ ಭೂಗೋಳದ ವಿದ್ಯಾರ್ಥಿಯಾದ ನನಗೆ ಈ ವಿಷಯ ದೂರದ್ದೆಂದು ತೋರಲಿಲ್ಲ. ಅದಕ್ಕೆ ಎರಡು ಕಾರಣಗಳುಂಟು. ಭಾರತದವರು ಮೊದಲ ಬಾರಿಗೆ ಅಂಟಾರ್ಕ್ಟಿಕಾ ಖಂಡಕ್ಕೆ ಯಾತ್ರೆ ಕಟ್ಟಿಕೊಂಡು ಹೊರಟದ್ದು ನಮ್ಮ ನೆರೆಯ ಗೋವೆಯ ಬಂದರಿನಿಂದ. ಹಿಮದ ಕೆಳಗೆ ಆರು ದಿನ ಉಸಿರು ಹಿಡಿದ ಯೋಧನೊಬ್ಬ ಹುಟ್ಟಿದ್ದು ನಮ್ಮದೇ ಕುಂದಗೋಳ ತಾಲೂಕಿನಲ್ಲಿ. ಈ ಎರಡು ಮಾತುಗಳನ್ನು ಮುಂದೆ ವಿವರಿಸುವೆನು.

ಮೊದಲು ಆ ಚಳಿಯ ಅಳತೆಯನ್ನು ತಿಳಿಯೋಣ. ಅಂಟಾರ್ಕ್ಟಿಕಾದ ವಿಸ್ತೀರ್ಣ ಸುಮಾರು ೧ ಕೋಟಿ ೪೦ ಲಕ್ಷ ಚದರ ಕಿಲೋಮೀಟರು. ಭಾರತದಂಥ ನಾಲ್ಕು ದೇಶಗಳು ಅದರೊಳಗೆ ಹಿಡಿಸಿ ಇನ್ನೂ ಜಾಗ ಉಳಿದೀತು. ಅದರ ನೂರಕ್ಕೆ ೯೮ ಪಾಲು ನೆಲ ಹಿಮದಿಂದ ಮುಚ್ಚಿದೆ. ಅಲ್ಲಿಯ ವೋಸ್ಟೊಕ್ ಎಂಬ ರಷ್ಯನ್ ಕೇಂದ್ರದಲ್ಲಿ ೧೯೮೩ರ ಜುಲೈ ೨೧ರಂದು ಉಷ್ಣತೆ ಸೊನ್ನೆಗಿಂತ ೮೯.೨ ಡಿಗ್ರಿ ಸೆಲ್ಸಿಯಸ್ ಕೆಳಗಿಳಿಯಿತು. ಉಷ್ಣಮಾಪಕ ಇಟ್ಟು ನೆಲದ ಮೇಲೆ ಅಳೆದ ಚಳಿಗಳಲ್ಲಿ ಇದೇ ಅತಿ ದೊಡ್ಡದು. ಕರಾವಳಿಯ ಹತ್ತಿರ ಇಷ್ಟೊಂದು ಕಠೋರತೆಯಿಲ್ಲ. ಬೇಸಿಗೆಯಲ್ಲಿ ಸೊನ್ನೆಯ ಆಸುಪಾಸಿನಲ್ಲಿದ್ದರೂ ಇದ್ದೀತು. ಆದರೆ ಅಲ್ಲಿ ಗಾಳಿಯ ಕಾಟ. ಒಳನಾಡಿನ ಎತ್ತರದ ಹಿಮದ ಮೇಲೆ ತಣ್ಣಗಾಗಿ ಭಾರವಾದ ಗಾಳಿ ಇಳಿಜಾರಿನಲ್ಲಿ ನೀರು ಹರಿದಂತೆ ಸಮುದ್ರದ ಕಡೆಗೆ ಧುಮುಕುತ್ತದೆ.

ಗಾಳಿ ಚಳಿಯನ್ನು ಎಷ್ಟು ಹೆಚ್ಚಿಸುತ್ತದೆಂಬುದನ್ನು ಅಂಟಾರ್ಕ್ಟಿಕಾದಲ್ಲಿಯೇ ಅಳೆದು ನೋಡಿದವರು ಪಾಲ್ ಸೈಪಲ್ ಮತ್ತು ಚಾರ್ಲ್ಸ್ ಪ್ಯಾಸೆಲ್ ಎಂಬ ಅಮೆರಿಕದ ಶೋಧಕರು. ೧೯೩೯ರಿಂದ ೧೯೪೧ರವರೆಗೆ ನಡೆದ ಯಾತ್ರೆಯಲ್ಲಿ ಇವರು ನೀರು ತುಂಬಿದ ಸಣ್ಣ ಕೊಳವೆಯೊಂದನ್ನು ಗಾಳಿಗೆ ತೂಗುಹಾಕಿ, ಆ ನೀರು ಹೆಪ್ಪುಗಟ್ಟಲು ಎಷ್ಟು ಹೊತ್ತು ಹಿಡಿಯಿತೆಂದು ಲೆಕ್ಕವಿಟ್ಟರು. ಈಗ ಬಳಕೆಯಲ್ಲಿರುವ ತಿದ್ದಿದ ಸೂತ್ರದ ಪ್ರಕಾರ, ಸೊನ್ನೆಗಿಂತ ೨೦ ಡಿಗ್ರಿ ಕೆಳಗಿರುವಾಗ ಗಂಟೆಗೆ ೪೦ ಕಿಲೋಮೀಟರು ವೇಗದ ಗಾಳಿ ಬೀಸಿದರೆ, ತೆರೆದ ಮುಖಕ್ಕೆ ಅದು ೩೪ ಡಿಗ್ರಿ ಕೆಳಗಿನ ಚಳಿಯಾಗಿ ತಾಗುತ್ತದೆ. ಆದುದರಿಂದ ಅಲ್ಲಿಗೆ ಹೋಗುವವನು ಉಷ್ಣಮಾಪಕವೊಂದನ್ನೇ ನಂಬುವಂತಿಲ್ಲ. ಗಾಳಿಯ ವೇಗವನ್ನೂ ಕೇಳಿಯೇ ಹೊಸ್ತಿಲು ದಾಟಬೇಕು.

ಇನ್ನು ದಾರಿಯ ಮಾತು. ಡಾ. ಎಸ್. ಝಡ್. ಕಾಸಿಮ್ ಅವರ ನೇತೃತ್ವದಲ್ಲಿ ೨೧ ಜನರ ತಂಡವು ೧೯೮೧ರ ಡಿಸೆಂಬರ್ ೬ರಂದು ‘ಪೋಲಾರ್ ಸರ್ಕಲ್’ ಎಂಬ ನಾರ್ವೆಯ ಹಡಗನ್ನೇರಿ ಗೋವೆಯಿಂದ ಹೊರಟಿತು. ೧೯೮೨ರ ಜನವರಿ ೯ರಂದು ಹಿಮಖಂಡದ ಮೇಲೆ ಕಾಲಿಟ್ಟಿತು. ಒಂದು ತಿಂಗಳಿಗೂ ಮೀರಿದ ಆ ಪಯಣದಲ್ಲಿ ಉಷ್ಣವಲಯದ ಸೆಕೆ, ದಕ್ಷಿಣ ಸಾಗರದ ಅಬ್ಬರ, ತೇಲುವ ಹಿಮದ ಹಾಸು, ಇವೆಲ್ಲ ಒಂದರ ಹಿಂದೊಂದು ಎದುರಾದವು. ಮೂರನೆಯ ಯಾತ್ರೆಯಲ್ಲಿ, ೧೯೮೩-೮೪ರಲ್ಲಿ, ‘ದಕ್ಷಿಣ ಗಂಗೋತ್ರಿ’ ಎಂಬ ಮೊದಲನೆಯ ಕೇಂದ್ರ ನಿಂತಿತು. ಸುದೀಪ್ತಾ ಸೇನ್‌ಗುಪ್ತಾ ಮತ್ತು ಅದಿತಿ ಪಂತ್ ಎಂಬ ಇಬ್ಬರು ಭಾರತೀಯ ಮಹಿಳಾ ವಿಜ್ಞಾನಿಗಳು ಅಲ್ಲಿಗೆ ಮೊದಲು ಹೋದದ್ದೂ ಅದೇ ಯಾತ್ರೆಯಲ್ಲಿಯೇ. ನಮ್ಮ ಕಾಲೇಜಿನ ಸೋದರಿಯರು ಈ ಮಾತನ್ನು ಗಮನಿಸಬೇಕು. ಹಿಮದ ಹಾಸಿನ ಮೇಲೆ ಕಟ್ಟಿದ ಆ ಕೇಂದ್ರ ಕ್ರಮೇಣ ಹಿಮದಲ್ಲಿ ಹೂತುಹೋಯಿತು. ಅದಕ್ಕಾಗಿ ‘ಮೈತ್ರಿ’ಯನ್ನು ೧೯೮೯ರಲ್ಲಿ ಶಿರ್ಮಾಕರ್ ಎಂಬ ಬಂಡೆನೆಲದ ಮೇಲೆ ಕಟ್ಟಿದರು. ಲಾರ್ಸೆಮನ್ ಗುಡ್ಡಗಳಲ್ಲಿ ‘ಭಾರತಿ’ ೨೦೧೨ರಲ್ಲಿ ಸಿದ್ಧವಾಯಿತು.

ಈಗ ದಾರಿ ಬಹಳ ಮೊಟಕಾಗಿದೆ. ದಕ್ಷಿಣ ಆಫ್ರಿಕದ ಕೇಪ್‌ಟೌನಿನಿಂದ ದೊಡ್ಡ ಸರಕು ವಿಮಾನವೇರಿದರೆ ಸುಮಾರು ಆರು ತಾಸಿನಲ್ಲಿ ಮೈತ್ರಿಯ ಸಮೀಪದ ಹಿಮದ ಓಡುದಾರಿಯ ಮೇಲೆ ಇಳಿಯಬಹುದು. ಹುಬ್ಬಳ್ಳಿಯಿಂದ ಬೆಂಗಳೂರಿಗೆ ರೈಲಿನಲ್ಲಿ ಹಿಡಿಯುವಷ್ಟೇ ವೇಳೆ! ಆದರೆ ಈ ಅವಸರದ ದಾರಿಯಲ್ಲಿ ಒಂದು ಅಪಾಯವಿದೆ. ಹಡಗಿನಲ್ಲಿ ಹೋಗುವವನ ಮೈ ದಿನದಿನಕ್ಕೆ ಚಳಿಗೆ ಒಗ್ಗುತ್ತ ಹೋಗುತ್ತದೆ. ವಿಮಾನದವನಿಗೆ ಆ ಅವಕಾಶವಿಲ್ಲ. ಬೇಸಿಗೆಯ ಊರಿನಲ್ಲಿ ಹತ್ತಿದವನು ಹಿಮದ ಮೇಲೆ ಇಳಿಯುತ್ತಾನೆ. ಆದುದರಿಂದ ಧ್ರುವದ ಉಡುಪನ್ನು ಪೆಟ್ಟಿಗೆಯಲ್ಲಿಟ್ಟು ಕಳಿಸುವಂತಿಲ್ಲ. ಬಾಗಿಲು ತೆರೆಯುವ ಮುಂಚೆ ಅದು ಮೈಮೇಲಿರಬೇಕು.

ಉತ್ತರ ಧ್ರುವದ ಕಡೆಗೂ ನಮ್ಮವರ ದಾರಿಯಿದೆ. ನಾರ್ವೆಗೆ ಸೇರಿದ ಸ್ವಾಲ್‌ಬಾರ್ಡ್ ದ್ವೀಪಗಳ ನ್ಯೂ-ಓಲೆಸುಂಡ್ ಎಂಬಲ್ಲಿ ಭಾರತದ ‘ಹಿಮಾದ್ರಿ’ ಕೇಂದ್ರ ೨೦೦೮ರ ಜುಲೈ ೧ರಂದು ಆರಂಭವಾಯಿತು. ಉತ್ತರ ಧ್ರುವಕ್ಕೂ ಅದಕ್ಕೂ ಇರುವ ಅಂತರ ಸುಮಾರು ೧,೨೦೦ ಕಿಲೋಮೀಟರು ಮಾತ್ರ. ಓಸ್ಲೋ ನಗರದಿಂದ ಲಾಂಗ್‌ಯಿಯರ್‌ಬ್ಯೆನ್‌ಗೆ, ಅಲ್ಲಿಂದ ಹತ್ತಾರು ಜನ ಕೂಡುವ ಸಣ್ಣ ವಿಮಾನದಲ್ಲಿ ಕೇಂದ್ರಕ್ಕೆ ಹೋಗಬೇಕು. ೨೦೨೩ರ ಡಿಸೆಂಬರಿನಲ್ಲಿ ಭಾರತದ ಮೊದಲನೆಯ ಚಳಿಗಾಲದ ಆರ್ಕ್ಟಿಕ್ ಯಾತ್ರೆ ಹೊರಟಾಗ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯವರು ಅದರ ಮೊದಲ ತಂಡದಲ್ಲಿದ್ದರು. ವಿಶ್ವದ ಆದಿಕಾಲದಿಂದ ಬರುವ ಅತಿ ಕ್ಷೀಣವಾದ ರೇಡಿಯೋ ಅಲೆಗಳನ್ನು ಆಲಿಸಲು ಆ ಸ್ಥಳ ತಕ್ಕದ್ದೋ ಅಲ್ಲವೋ ಎಂದು ಪರೀಕ್ಷಿಸುವುದು ಅವರ ಕೆಲಸ. ಚಳಿಗಾಲದಲ್ಲಿ ಅಲ್ಲಿ ತಿಂಗಳುಗಟ್ಟಲೆ ಸೂರ್ಯ ಹುಟ್ಟುವುದೇ ಇಲ್ಲ. ಹಿಮಕರಡಿಯ ಭಯವೂ ಉಂಟು; ಕೇಂದ್ರವನ್ನು ಬಿಟ್ಟು ದೂರ ಹೋಗುವವರಿಗೆ ಬಂದೂಕು ಹಿಡಿಯುವ ಶಿಕ್ಷಣ ಕೊಡುತ್ತಾರೆ.

ಅಂಟಾರ್ಕ್ಟಿಕಾಕ್ಕೆ ಆಯ್ಕೆಯಾದವರನ್ನು ಹಾಗೆಯೇ ಕಳಿಸಿಬಿಡುವುದಿಲ್ಲ. ಮೊದಲು ಮೈಯನ್ನೂ ಮನಸ್ಸನ್ನೂ ವೈದ್ಯರು ಕೂಲಂಕಷವಾಗಿ ಪರೀಕ್ಷಿಸುತ್ತಾರೆ. ಅದರಲ್ಲಿ ಗೆದ್ದವರನ್ನು ಉತ್ತರಾಖಂಡದ ಔಲಿಗೆ ಕಳಿಸುತ್ತಾರೆ. ಇಂಡೋ-ಟಿಬೆಟನ್ ಗಡಿ ಪೊಲೀಸರ ಶಿಕ್ಷಣ ಸಂಸ್ಥೆ ಅಲ್ಲಿದೆ. ಹಿಮದ ಮೇಲೆ ನಡೆಯುವುದು, ಹಗ್ಗ ಕಟ್ಟಿಕೊಂಡು ಸಾಲಾಗಿ ಸಾಗುವುದು, ಬಿರುಕಿನಲ್ಲಿ ಬಿದ್ದವನನ್ನು ಮೇಲಕ್ಕೆತ್ತುವುದು, ಗುಡಾರ ಹೂಡುವುದು, ಇವನ್ನೆಲ್ಲ ಅಲ್ಲಿ ಕಲಿಸುತ್ತಾರೆ. ಪ್ರಯೋಗಶಾಲೆಯ ಪಂಡಿತನೂ ಅಡಿಗೆಯವನೂ ಅಲ್ಲಿ ಒಂದೇ ಹಗ್ಗಕ್ಕೆ ಕಟ್ಟಿಕೊಳ್ಳುತ್ತಾರೆ.

ಇನ್ನು ಉಡುಪಿನ ವಿಚಾರ. ಬಟ್ಟೆ ಮೈಗೆ ಬಿಸಿ ಕೊಡುತ್ತದೆಂದು ನಾವು ಹೇಳುವುದು ವಾಡಿಕೆ. ನಿಜ ನೋಡಿದರೆ ಯಾವ ಬಟ್ಟೆಯೂ ಬಿಸಿ ಕೊಡುವುದಿಲ್ಲ. ಬಿಸಿ ಹುಟ್ಟುವುದು ನಾವು ಉಂಡ ಅನ್ನದಿಂದ, ನಮ್ಮ ಮೈಯೊಳಗೆ. ಬಟ್ಟೆ ಅದನ್ನು ಹೊರಗೆ ಹೋಗಗೊಡದೆ ತಡೆಯುತ್ತದೆ, ಅಷ್ಟೆ. ಮೈಯ ಬಿಸಿ ನಾಲ್ಕು ದಾರಿಯಲ್ಲಿ ಹೋಗುತ್ತದೆ: ತಣ್ಣನೆಯ ವಸ್ತುವನ್ನು ಮುಟ್ಟಿದಾಗ ಅದಕ್ಕೆ ಹರಿದು, ಬೀಸುವ ಗಾಳಿಯೊಡನೆ ತೇಲಿ, ಒಲೆಯ ಕಾವಿನಂತೆ ಸುತ್ತಲೂ ಸೂಸಿ, ಬೆವರು ಆರುವಾಗ ಅದರೊಡನೆ ಆವಿಯಾಗಿ. ಈ ನಾಲ್ಕು ಬಾಗಿಲುಗಳನ್ನು ಹದವರಿತು ಮುಚ್ಚುವುದೇ ಧ್ರುವದ ಉಡುಪಿನ ಗುಟ್ಟು.

ಇದನ್ನು ತಿಳಿಯಲು ನಮ್ಮ ಮನೆಯ ಕೌದಿಯನ್ನು ನೋಡಿದರೆ ಸಾಕು. ಹಳೆಯ ಸೀರೆ-ದೋತರಗಳನ್ನು ಒಂದರ ಮೇಲೊಂದಿಟ್ಟು ಅಜ್ಜಿಯರು ಹೊಲಿದ ಕೌದಿ ಏಕೆ ಬೆಚ್ಚಗಿರುತ್ತದೆ? ಪದರು ಪದರುಗಳ ನಡುವೆ ಗಾಳಿ ಅಲುಗದೆ ನಿಲ್ಲುವುದರಿಂದ. ನಿಂತ ಗಾಳಿಯಲ್ಲಿ ಬಿಸಿ ಬಹಳ ನಿಧಾನವಾಗಿ ಹರಿಯುತ್ತದೆ. ಅಷ್ಟೇ ತೂಕದ ಒಂದೇ ದಪ್ಪ ಬಟ್ಟೆಗಿಂತ ತೆಳುವಾದ ನಾಲ್ಕು ಬಟ್ಟೆಗಳು ಮೇಲು ಎಂಬುದು ಇದರಿಂದಲೇ ಸಿದ್ಧವಾಗುತ್ತದೆ. ಧ್ರುವದ ಶೋಧಕರ ಉಡುಪು ಈ ನಿಯಮವನ್ನೇ ಅನುಸರಿಸಿ ಮೂರು ಪದರಗಳಾಗಿದೆ.

ಮೈಗೆ ಅಂಟಿಕೊಳ್ಳುವ ಒಳಪದರ ತೆಳ್ಳಗಿನ ಉಣ್ಣೆಯದು ಅಥವಾ ಕೃತಕ ನೂಲಿನದು. ಬೆವರನ್ನು ಚರ್ಮದಿಂದ ಎತ್ತಿ ಹೊರಪದರಗಳ ಕಡೆಗೆ ಸಾಗಿಸುವುದು ಅದರ ಕೆಲಸ. ನಡುವಿನ ಪದರ ಗಾಳಿಯನ್ನು ಹಿಡಿದಿಡುವಂಥದು. ಉಣ್ಣೆಯ ಅಂಗಿ, ಫ್ಲೀಸ್ ಎಂಬ ಜೂಲುಬಟ್ಟೆ, ಬಾತುಕೋಳಿಯ ಎದೆಯ ಮೃದುವಾದ ತುಪ್ಪುಳನ್ನು ತುಂಬಿದ ಕೋಟು, ಇವು ಈ ವರ್ಗಕ್ಕೆ ಸೇರುತ್ತವೆ. ಚಳಿಯನ್ನು ನೋಡಿಕೊಂಡು ಈ ಪದರವನ್ನು ಒಂದಕ್ಕೆ ಎರಡು, ಎರಡಕ್ಕೆ ಮೂರು ಮಾಡಬಹುದು. ಹೊರಪದರ ಗಾಳಿಗೆ ಗೋಡೆ. ಗಾಳಿ ಒಳನುಗ್ಗಿದರೆ ನಡುಪದರ ಹಿಡಿದಿಟ್ಟ ಬಿಸಿಯೆಲ್ಲ ಒಂದು ಗಳಿಗೆಯಲ್ಲಿ ಹಾರಿಹೋಗುತ್ತದೆ. ಹೊಲದಲ್ಲಿ ಕುರಿ ಕಾಯುವವನು ಕಂಬಳಿಯ ಕೊಪ್ಪೆ ಹಾಕಿಕೊಂಡು ಗಾಳಿಗೆ ಬೆನ್ನು ಕೊಟ್ಟು ಕೂಡುವುದನ್ನು ಕಂಡವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಹತ್ತಿಯ ನಾಡಿನವರಾದ ನಮಗೆ ಇಲ್ಲಿ ಒಂದು ಕಹಿಯಾದ ಮಾತನ್ನು ಹೇಳಬೇಕು. ಜಯಧರ ಹತ್ತಿ ಬೆಳೆದು ಹೆಸರಾದ ಕುಂದಗೋಳ-ನವಲಗುಂದಗಳ ಬನಿಯನ್ನು ಹಿಮದ ನಾಡಿನಲ್ಲಿ ಮೈಗೆ ಹಚ್ಚಿ ತೊಡುವುದು ಪ್ರಾಣಕ್ಕೆ ಅಪಾಯ. ಬೇಸಿಗೆಯಲ್ಲಿ ಹತ್ತಿಯ ಯಾವ ಗುಣವನ್ನು ನಾವು ಹೊಗಳುತ್ತೇವೆಯೋ ಅದೇ ಗುಣ ಅಲ್ಲಿ ದೋಷವಾಗುತ್ತದೆ. ಹತ್ತಿ ಬೆವರನ್ನು ಹೀರಿ ತನ್ನಲ್ಲಿಯೇ ಇಟ್ಟುಕೊಳ್ಳುತ್ತದೆ, ಬೇಗ ಆರುವುದಿಲ್ಲ. ನೀರು ಗಾಳಿಗಿಂತ ಸುಮಾರು ಇಪ್ಪತ್ತೈದು ಪಟ್ಟು ವೇಗವಾಗಿ ಬಿಸಿಯನ್ನು ಸಾಗಿಸುವುದರಿಂದ ಒದ್ದೆ ಬನಿಯನ್ ತೊಟ್ಟವನ ಮೈಬಿಸಿ ತೂತುಬಿದ್ದ ಕೊಡದ ನೀರಿನಂತೆ ಸೋರಿಹೋಗುತ್ತದೆ. ಉಣ್ಣೆಯ ರೀತಿಯೇ ಬೇರೆ. ಅದರ ಎಳೆ ಸುರುಳಿ ಸುರುಳಿಯಾಗಿರುವುದರಿಂದ ಒದ್ದೆಯಾದರೂ ತನ್ನೊಳಗಿನ ಗಾಳಿಯನ್ನು ಪೂರ್ತಿ ಬಿಟ್ಟುಕೊಡುವುದಿಲ್ಲ. ಮಳೆಯಲ್ಲಿ ನೆನೆದ ಕಂಬಳಿ ಭಾರವಾದರೂ ಒಳಗೆ ಬೆಚ್ಚಗಿರುವುದನ್ನು ನಮ್ಮ ಕುರುಬರು ಯಾವ ಪುಸ್ತಕವನ್ನೂ ಓದದೆ ಬಲ್ಲರು.

ಆದರೂ ಹತ್ತಿಯ ಮಾನ ಪೂರ್ತಿ ಹೋಗಿಲ್ಲ. ಒತ್ತಾಗಿ ನೇಯ್ದ ಗ್ಯಾಬರ್ಡಿನ್ ಎಂಬ ಹತ್ತಿಯ ಬಟ್ಟೆಯನ್ನು ಹೊರಪದರವಾಗಿ ತೊಟ್ಟು ಹಿಂದಿನ ಶೋಧಕರು ದಕ್ಷಿಣ ಧ್ರುವದವರೆಗೆ ನಡೆದಿದ್ದಾರೆ. ಕಡು ಚಳಿಯಲ್ಲಿ ಗಾಳಿ ಒಣಗಿರುತ್ತದೆ. ಬೀಳುವುದು ಮಳೆಯಲ್ಲ, ಒಣ ಹಿಮದ ಪುಡಿ. ಅಂಥಲ್ಲಿ ಹೊರಗಿನ ಒತ್ತುಬಟ್ಟೆ ಗಾಳಿಯನ್ನು ತಡೆದು ಒಳಗಿನ ಆವಿಯನ್ನು ಹೊರಕ್ಕೆ ಬಿಡುತ್ತದೆ. ಒಂದೇ ನೂಲು ಮೈಗೆ ಹತ್ತಿದರೆ ಮೃತ್ಯು, ಮೇಲೆ ಹೊದ್ದರೆ ಮಿತ್ರ!

ನನ್ನ ಸೋದರಮಾವ ಸೈನ್ಯದಲ್ಲಿದ್ದವರು. ಎರಡು ಚಳಿಗಾಲ ಲಡಾಖಿನ ಎತ್ತರದ ಠಾಣೆಗಳಲ್ಲಿ ಕಳೆದು ಈಗ ನಿವೃತ್ತರಾಗಿ ಒಕ್ಕಲುತನ ಮಾಡಿಕೊಂಡಿದ್ದಾರೆ. ಈ ಲೇಖನಕ್ಕಾಗಿ ಅವರನ್ನು ಪ್ರಶ್ನೆ ಕೇಳಿ ಕೇಳಿ ಬೇಸರಪಡಿಸಿದ್ದೇನೆ. “ಮಾವಾ, ಅಲ್ಲಿ ಎಲ್ಲಕ್ಕಿಂತ ದೊಡ್ಡ ವೈರಿ ಯಾವುದು?” ಎಂದು ಕೇಳಿದಾಗ ಅವರು ಕೊಟ್ಟ ಉತ್ತರ ಇದು: “ಬೆವರು ನೋಡಪಾ. ಚಳಿ ಅಂತ ಎಲ್ಲಾ ಅರಿವಿ ಹೇರಿಕೊಂಡು ಗುಡ್ಡ ಏರಿದಿ ಅಂದ್ರ ಒಳಗ ಬೆವತು ತೊಯ್ದು ತೊಪ್ಪಡಿ ಆಗ್ತಿ. ನಿಂತ ಕೂಡ್ಲೆ ಆ ಬೆವರು ಬರ್ಫ ಆಗ್ತದ. ನಡಿಯೂ ಮುಂದ ಒಂದು ಅಂಗಿ ತೆಗೀಬೇಕು, ನಿಂತ ಮ್ಯಾಲ ಹಾಕ್ಕೋಬೇಕು. ಇಷ್ಟ ಕಲಿಯಾಕ ನಮಗ ಒಂದು ತಿಂಗಳ ಹಿಡೀತು.” ವಿಜ್ಞಾನಿಗಳು ಧ್ರುವಕ್ಕೆ ಹೋಗುವವರಿಗೆ ಹೇಳುವುದೂ ಇದನ್ನೇ: ಹೊರಡುವಾಗ ಸ್ವಲ್ಪ ಚಳಿಯೆನಿಸಬೇಕು, ಬೆವರುವ ಮುಂಚೆ ಗುಂಡಿ ಬಿಚ್ಚಬೇಕು, ನಡುಗುವ ಮುಂಚೆ ಹಾಕಬೇಕು.

ಬೆವರು ಹೆಪ್ಪುಗಟ್ಟಿದರೆ ಏನಾಗುತ್ತದೆಂಬುದಕ್ಕೆ ಇತಿಹಾಸದಲ್ಲಿ ಸಾಕ್ಷಿಯುಂಟು. ೧೯೧೧ರ ಚಳಿಗಾಲದಲ್ಲಿ ಸ್ಕಾಟನ ತಂಡದ ಮೂವರು ಪೆಂಗ್ವಿನ್ ಹಕ್ಕಿಯ ಮೊಟ್ಟೆಗಳನ್ನು ಹುಡುಕಿ ಕ್ರೋಝಿಯರ್ ಭೂಶಿರಕ್ಕೆ ಹೊರಟರು. ಉಷ್ಣತೆ ಸೊನ್ನೆಗಿಂತ ೬೦ ಡಿಗ್ರಿ ಕೆಳಗೆ ಇಳಿಯಿತು. ಅವರಲ್ಲೊಬ್ಬನಾದ ಚೆರಿ-ಗ್ಯಾರರ್ಡ್ ಒಂದು ಬೆಳಿಗ್ಗೆ ಗುಡಾರದಿಂದ ಹೊರಬಂದು ಸುತ್ತಲೂ ನೋಡಲು ತಲೆಯೆತ್ತಿದನು. ಬಟ್ಟೆಯಲ್ಲಿದ್ದ ತೇವ ಅಷ್ಟರಲ್ಲಿಯೇ ಗಟ್ಟಿಯಾಗಿ, ಎತ್ತಿದ ತಲೆಯನ್ನು ಇಳಿಸಲಾಗದೆ, ತಾಸುಗಟ್ಟಲೆ ಹಾಗೆಯೇ ಗಾಡಿ ಎಳೆದನು. ಹೊದೆಯುವ ಚೀಲಗಳು ಉಸಿರಿನ ತೇವದಿಂದ ದಿನದಿನಕ್ಕೆ ಭಾರವಾದವು. ಇದಕ್ಕೆ ಪ್ರತಿಯಾಗಿ ನಾರ್ವೆಯ ಅಮುಂಡ್ಸೆನ್ ೧೯೦೩ರಿಂದ ೧೯೦೬ರವರೆಗಿನ ತನ್ನ ಉತ್ತರದ ಯಾತ್ರೆಯಲ್ಲಿ ಇನ್ಯುಯಿಟ್ ಜನರ ನಡುವೆ ಇದ್ದು, ಅವರು ತುಪ್ಪುಳುದೊಗಲಿನ ಉಡುಪನ್ನು ಸಡಿಲವಾಗಿ ತೊಡುವ ಕ್ರಮವನ್ನು ವಿನಯದಿಂದ ಕಲಿತಿದ್ದನು. ೧೯೧೧ರ ಡಿಸೆಂಬರ್ ೧೪ರಂದು ಆತ ದಕ್ಷಿಣ ಧ್ರುವವನ್ನು ಮುಟ್ಟಿ ತನ್ನವರೆಲ್ಲರೊಡನೆ ಹಿಂತಿರುಗಿದನು. ೧೯೧೨ರ ಜನವರಿ ೧೭ರಂದು ಮುಟ್ಟಿದ ಸ್ಕಾಟನೂ ಅವನ ನಾಲ್ವರು ಸಂಗಡಿಗರೂ ಹಿಂತಿರುಗುವ ದಾರಿಯಲ್ಲಿ ಮಡಿದರು. ಅವರ ಅಳಿವಿಗೆ ಉಡುಪೊಂದೇ ಕಾರಣವಲ್ಲ. ನಾಯಿಗಳು, ಆಹಾರ, ಹವೆ, ಎಲ್ಲವೂ ಸೇರಿದ್ದವು. ಆದರೂ ಆ ನೆಲದ ಹಳಬರನ್ನು ಕೇಳಿ ಕಲಿತವನು ಬದುಕಿದನೆಂಬುದು ನೆನಪಿಡತಕ್ಕ ಮಾತು.

ಮೈಗಿಂತ ಮೊದಲು ಕೆಡುವುದು ಕೈ, ಕಾಲು, ಮೂಗು, ಕಿವಿಗಳು. ಚಳಿ ಹೆಚ್ಚಾದಾಗ ದೇಹವು ಹೃದಯವನ್ನೂ ಮಿದುಳನ್ನೂ ಕಾಯುವುದಕ್ಕಾಗಿ ತುದಿಗಳಿಗೆ ಹೋಗುವ ರಕ್ತವನ್ನು ಕಡಿಮೆ ಮಾಡುತ್ತದೆ. ಬೆರಳು ಬೆರಳಿಗೆ ಬೇರೆ ಬೇರೆ ಮನೆಯಿರುವ ಕೈಚೀಲಕ್ಕಿಂತ ನಾಲ್ಕೂ ಬೆರಳು ಒಂದೇ ಮನೆಯಲ್ಲಿರುವ ಕೈಚೀಲ ಹೆಚ್ಚು ಬೆಚ್ಚಗೆ. ಕೂಡುಕುಟುಂಬದ ಪ್ರಯೋಜನ ಅಲ್ಲಿಯೂ ಉಂಟು! ಸೂಕ್ಷ್ಮವಾದ ಕೆಲಸ ಬಂದಾಗ ಬರಿಗೈಯಾಗಬಾರದೆಂದು ಅದರೊಳಗೆ ತೆಳುವಾದ ಇನ್ನೊಂದನ್ನು ತೊಡುತ್ತಾರೆ. ದೊಡ್ಡ ಕೈಚೀಲವನ್ನು ಗಾಳಿ ಕಸಿದುಕೊಂಡು ಹೋಗದಂತೆ ದಾರ ಕಟ್ಟಿ ಕೊರಳಿಗೆ ಹಾಕಿಕೊಳ್ಳುತ್ತಾರೆ. ಬೂಟು ಬಿಗಿಯಾಗಿರಬಾರದು. ಎರಡು ಉಣ್ಣೆಯ ಕಾಲುಚೀಲ ತೊಟ್ಟ ಮೇಲೂ ಬೆರಳು ಆಡಿಸುವಷ್ಟು ಜಾಗವಿರಬೇಕು; ಬಿಗಿದರೆ ರಕ್ತವೂ ನಿಲ್ಲುತ್ತದೆ, ಗಾಳಿಗೂ ಎಡೆಯಿಲ್ಲ. ಚಳಿಯೆಂದು ಮೂರನೆಯ ಕಾಲುಚೀಲವನ್ನು ತುರುಕಿದವನ ಕಾಲೇ ಮೊದಲು ಮರಗಟ್ಟುತ್ತದೆ.

ಕಣ್ಣಿಗೂ ಕವಚ ಬೇಕು. ಹೊಸ ಹಿಮವು ಬಿಸಿಲಿನ ಅತಿನೇರಳೆ ಕಿರಣಗಳಲ್ಲಿ ನೂರಕ್ಕೆ ಎಂಬತ್ತು ಪಾಲನ್ನೋ ಅದಕ್ಕೂ ಹೆಚ್ಚನ್ನೋ ಮೇಲಕ್ಕೆ ಎಸೆಯುತ್ತದೆ. ಕಪ್ಪು ಕನ್ನಡಕವಿಲ್ಲದೆ ಕೆಲವು ತಾಸು ನಡೆದವನ ಕಣ್ಣಿನಲ್ಲಿ ಖಾರದ ಪುಡಿ ಬಿದ್ದಂತೆ ಉರಿ ಎದ್ದು ನೋಟ ಮಂಕಾಗುತ್ತದೆ. ಇದಕ್ಕೆ ಹಿಮಗುರುಡು ಎನ್ನಬಹುದು. ಅಂಟಾರ್ಕ್ಟಿಕಾದ ಮೇಲಿನ ಓಝೋನ್ ಪದರವು ವಸಂತದಲ್ಲಿ ತೆಳುವಾಗುವುದರಿಂದ ಅಲ್ಲಿ ಈ ಎಚ್ಚರಿಕೆ ಇನ್ನೂ ಹೆಚ್ಚು ಬೇಕು.

ಕೆಲಸದ ಸಾಮಾನುಗಳೂ ಚಳಿಯಲ್ಲಿ ಸ್ವಭಾವ ಬದಲಿಸುತ್ತವೆ. ಪೆನ್ನಿನ ಮಸಿ ಹೆಪ್ಪುಗಟ್ಟುತ್ತದೆ. ಆದುದರಿಂದ ಟಿಪ್ಪಣಿಗೆ ಸೀಸದ ಕಡ್ಡಿಯೇ ಗತಿ. ಬ್ಯಾಟರಿಯ ಶಕ್ತಿ ಕುಗ್ಗುತ್ತದೆ. ಅದನ್ನು ಎದೆಯ ಹತ್ತಿರದ ಕಿಸೆಯಲ್ಲಿ, ಕೋಳಿ ತತ್ತಿಗೆ ಕಾವು ಕೊಡುವಂತೆ, ಇಟ್ಟುಕೊಳ್ಳಬೇಕು. ಲೋಹವನ್ನು ಬರಿಗೈಯಿಂದ ಮುಟ್ಟಿದರೆ ಚರ್ಮ ಅಂಟಿ ಸುಲಿದು ಬರುತ್ತದೆ. ಚಿಮಣಿ ಎಣ್ಣೆ, ಪೆಟ್ರೋಲುಗಳು ಆ ಚಳಿಯಲ್ಲಿಯೂ ಗಟ್ಟಿಯಾಗದೆ ಹೊರಗಿನಷ್ಟೇ ತಣ್ಣಗಿರುತ್ತವೆ. ಕೈಮೇಲೆ ಚೆಲ್ಲಿದರೆ ಆ ಕ್ಷಣವೇ ಚರ್ಮ ಹೆಪ್ಪುಗಟ್ಟುತ್ತದೆ. ಒಲೆಗೆ ಎಣ್ಣೆ ಹಾಕುವ ಸಣ್ಣ ಕೆಲಸಕ್ಕೂ ಅಲ್ಲಿ ಕೈಚೀಲ ಬೇಕು.

ಮಲಗುವಾಗ ಮೇಲೆ ಹೊದೆಯುವುದಕ್ಕಿಂತ ಕೆಳಗೆ ಹಾಸುವುದು ಮುಖ್ಯ. ಮೈಭಾರಕ್ಕೆ ಕೆಳಗಿನ ಹಾಸಿಗೆ ಚಪ್ಪಟೆಯಾಗಿ ಗಾಳಿ ಹೊರಟುಹೋಗುತ್ತದೆ. ಹಿಮದ ನೆಲವಂತೂ ರಾತ್ರಿಯೆಲ್ಲ ಬಿಸಿಯನ್ನು ಹೀರುತ್ತಲೇ ಇರುತ್ತದೆ. ಜೋಳದ ಹೊಲ ಕಾಯುವ ನಮ್ಮ ರೈತ ಒಣ ಕಣಿಕೆಯನ್ನು ದಪ್ಪಗೆ ಹರವಿ, ಅದರ ಮೇಲೆ ಹಳೆಯ ಜಮಖಾನ ಹಾಸಿ, ಒಂದೇ ಕಂಬಳಿ ಹೊದ್ದು ನಿದ್ರೆ ತೆಗೆಯುವುದು ಇದೇ ನಿಯಮದಿಂದ. ಧ್ರುವದಲ್ಲಿ ಕಣಿಕೆಯ ಬದಲು ಗಾಳಿಗುಳ್ಳೆ ತುಂಬಿದ ಹಗುರಾದ ಹಾಸುಗಳನ್ನು ಎರಡು ಪದರ ಮಾಡಿ ಹಾಸುತ್ತಾರೆ.

ಊಟವೂ ಉಡುಪಿನ ಒಂದು ಭಾಗವೆಂದೇ ತಿಳಿಯಬೇಕು. ಹಿಮದ ಮೇಲೆ ಗಾಡಿ ಎಳೆಯುವವನಿಗೆ ದಿನಕ್ಕೆ ಐದು-ಆರು ಸಾವಿರ ಕ್ಯಾಲೊರಿ ಬೇಕು. ಇದು ನಮ್ಮ ನಿತ್ಯದ ಊಟದ ಎರಡು ಪಟ್ಟಿಗೂ ಮಿಗಿಲು. ತುಪ್ಪ-ಬೆಣ್ಣೆಗಳನ್ನು ಅಲ್ಲಿ ಸಂಕೋಚವಿಲ್ಲದೆ ತಿನ್ನುತ್ತಾರೆ. ನೀರಡಿಕೆ ತೋರದಿದ್ದರೂ ನೀರು ಕುಡಿಯಬೇಕು. ಒಣಗಾಳಿಯಲ್ಲಿ ಪ್ರತಿ ಉಸಿರಿನೊಡನೆ ಮೈಯ ನೀರು ಹೋಗುತ್ತಿರುತ್ತದೆ. ಆದರೆ ಹಿಮವನ್ನು ಹಾಗೆಯೇ ಬಾಯಿಗೆ ಹಾಕಬಾರದು. ಅದನ್ನು ಕರಗಿಸಲು ಮೈ ತನ್ನ ಬಿಸಿಯನ್ನೇ ವೆಚ್ಚ ಮಾಡಬೇಕಾಗುತ್ತದೆ.

ಇಷ್ಟೆಲ್ಲ ಮಾಡಿದರೂ ಅಪಾಯ ಬರಬಹುದು. ಅದರ ಗುರುತುಗಳನ್ನು ಅರಿತಿರಬೇಕು. ತನ್ನ ಮೂಗು ಬೆಳ್ಳಗಾದದ್ದು ತನಗೆ ಕಾಣುವುದಿಲ್ಲ. ಅದಕ್ಕಾಗಿ ಇಬ್ಬಿಬ್ಬರು ಜೋಡಿಯಾಗಿ ಹೋಗಿ ಒಬ್ಬರ ಮುಖವನ್ನು ಇನ್ನೊಬ್ಬರು ಆಗಾಗ ನೋಡುತ್ತಿರಬೇಕು. ಚರ್ಮ ಬಿಳಿಚಿ ಸ್ಪರ್ಶ ತಿಳಿಯದಾದರೆ ಹಿಮಕಡಿತ ಮೊದಲಾಯಿತೆಂದೇ ಅರ್ಥ. ಅಂಥ ಜಾಗವನ್ನು ಹಿಮದಿಂದ ತಿಕ್ಕಬಾರದು, ಬೆಂಕಿಗೆ ಹಿಡಿಯಬಾರದು. ಆಸರೆಗೆ ಬಂದ ಮೇಲೆ, ಮತ್ತೆ ಹೆಪ್ಪುಗಟ್ಟುವ ಭಯವಿಲ್ಲದಿದ್ದರೆ ಮಾತ್ರ, ಮೈಬಿಸಿಯಷ್ಟಿರುವ ಉಗುರುಬೆಚ್ಚನೆಯ ನೀರಿನಲ್ಲಿ ಅದ್ದಬೇಕು. ಇದಕ್ಕಿಂತ ಭಯಂಕರವಾದುದು ಮೈಯೊಳಗಿನ ಉಷ್ಣತೆಯೇ ೩೫ ಡಿಗ್ರಿಗಿಂತ ಕೆಳಗಿಳಿಯುವುದು. ಮೊದಲು ನಡುಕ, ಆಮೇಲೆ ಮಾತು ತೊದಲುವುದು, ಹೆಜ್ಜೆ ತಪ್ಪುವುದು, ಬುದ್ಧಿ ಮಂಕಾಗುವುದು. ಒಂದು ಹಂತದಲ್ಲಿ ನಡುಕ ನಿಂತುಬಿಡುತ್ತದೆ. ಸುಧಾರಿಸಿತೆಂದು ಆಗ ಸಮಾಧಾನಪಟ್ಟರೆ ಕೆಟ್ಟಿತು; ಮೈ ಹೋರಾಟವನ್ನು ಕೈಬಿಟ್ಟ ಗುರುತು ಅದು.

ಉಡುಪಿನ ಬಗೆಗೆ ಇನ್ನೊಂದು ನಿಯಮವುಂಟು. ೧೯೯೧ರಲ್ಲಿ ಮ್ಯಾಡ್ರಿಡ್ ನಗರದಲ್ಲಿ ಸಹಿಯಾಗಿ ೧೯೯೮ರಿಂದ ಜಾರಿಗೆ ಬಂದ ಒಪ್ಪಂದದ ಪ್ರಕಾರ ಹೊರಗಿನ ಗಿಡ-ಜೀವಿಗಳನ್ನು ಅಂಟಾರ್ಕ್ಟಿಕಾಕ್ಕೆ ಒಯ್ಯಬಾರದು. ನಮ್ಮ ಬದುವಿನ ಮೇಲೆ ನಡೆದರೆ ದೋತರಕ್ಕೆ ಉತ್ತರಾಣಿಯ ಬೀಜ ಹತ್ತುವುದಿಲ್ಲವೇ? ಹಾಗೆ ಕಿಸೆಯ ಮೂಲೆಯಲ್ಲಿ, ಕಾಲುಚೀಲದ ಎಳೆಯಲ್ಲಿ, ಬೂಟಿನ ಅಟ್ಟೆಯ ಮಣ್ಣಿನಲ್ಲಿ ಬೀಜಗಳು ಕುಳಿತುಕೊಂಡು ಖಂಡಾಂತರ ಪ್ರಯಾಣ ಮಾಡುತ್ತವೆ. ಹೊರಡುವ ಮುನ್ನ ಎಲ್ಲವನ್ನೂ ಝಾಡಿಸಿ, ಬೂಟು ತೊಳೆದು, ಕಿಸೆ ತಿರುವಿ ನೋಡಬೇಕು. ಮಳೆಗಾಲದ ಎರೆಮಣ್ಣನ್ನು ಚಪ್ಪಲಿಯಿಂದ ಬಿಡಿಸಿ ರೂಢಿಯಾದ ನಮಗೆ ಈ ಶ್ರಮ ಹೊಸದೇನಲ್ಲ.

ಈಗ ಆರಂಭದಲ್ಲಿ ಸೂಚಿಸಿದ ಯೋಧನ ಮಾತು. ಸಿಯಾಚಿನ್ ಹಿಮನದಿ ಧ್ರುವಪ್ರದೇಶವಲ್ಲ. ಆದರೆ ಅದನ್ನು ಮೂರನೆಯ ಧ್ರುವವೆಂದು ಕರೆಯುವುದುಂಟು. ೧೯೮೪ರ ಏಪ್ರಿಲ್‌ನಿಂದ ನಮ್ಮ ಸೈನಿಕರು ಅಲ್ಲಿ ಕಾವಲಿದ್ದಾರೆ. ಧ್ರುವದ ಚಳಿಯ ಜೊತೆಗೆ ಅಲ್ಲಿ ಉಸಿರಿನ ಕೊರತೆಯೂ ಇದೆ. ೧೯,೦೦೦ ಅಡಿಗಿಂತ ಮೇಲೆ ಗಾಳಿಯ ಒತ್ತಡ ಸಮುದ್ರಮಟ್ಟದ ಅರ್ಧದಷ್ಟು ಮಾತ್ರ. ೨೦೧೬ರ ಫೆಬ್ರುವರಿ ೩ರಂದು ಸುಮಾರು ೧೯,೬೦೦ ಅಡಿ ಎತ್ತರದ ಸೋನಮ್ ಠಾಣೆಯ ಮೇಲೆ ಹಿಮದ ಗೋಡೆ ಕುಸಿದು ಮದ್ರಾಸ್ ರೆಜಿಮೆಂಟಿನ ಹತ್ತು ಮಂದಿ ಹೂತುಹೋದರು. ಅವರಲ್ಲಿ ಮೂವರು ಕನ್ನಡ ನಾಡಿನವರು: ಹಾಸನ ಜಿಲ್ಲೆಯ ಸುಬೇದಾರ್ ನಾಗೇಶ, ಮೈಸೂರು ಜಿಲ್ಲೆಯ ಸಿಪಾಯಿ ಮಹೇಶ, ಮತ್ತು ಕುಂದಗೋಳ ತಾಲೂಕು ಬೆಟದೂರಿನ ಲಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ. ಯಾರೂ ಉಳಿದಿರಲಾರರೆಂದು ಎಲ್ಲರೂ ನಂಬಿದ್ದಾಗ, ಫೆಬ್ರುವರಿ ೮ರಂದು ಸುಮಾರು ೨೫ ಅಡಿ ಹಿಮವನ್ನು ಕಡಿದು ತೆಗೆದ ರಕ್ಷಕರಿಗೆ ಹನುಮಂತಪ್ಪನವರು ಜೀವಂತವಾಗಿ ದೊರೆತರು. ದಿಲ್ಲಿಯ ಸೈನಿಕ ಆಸ್ಪತ್ರೆಯಲ್ಲಿ ಫೆಬ್ರುವರಿ ೧೧ರಂದು ಅವರು ಕೊನೆಯುಸಿರೆಳೆದರು. ಮರುದಿನ ಬೆಟದೂರಿನಲ್ಲಿ ಅಂತ್ಯಕ್ರಿಯೆ ನಡೆಯಿತು. ಆ ಮೂರು ದಿನ ನಮ್ಮ ಜಿಲ್ಲೆಯ ಗುಡಿ-ಮಸೀದಿ-ಮಠಗಳಲ್ಲೆಲ್ಲ ಒಂದೇ ಪ್ರಾರ್ಥನೆಯಿತ್ತು.

ಈ ಸಂಗತಿಯಿಂದ ನಾನು ತಿಳಿದುಕೊಂಡುದನ್ನು ಮರೆಮಾಚದೆ ಹೇಳಬೇಕು. ಉಡುಪು ಚಳಿಯನ್ನು ತಡೆದೀತು; ಗುಡ್ಡ ಕುಸಿದರೆ ತಡೆಯಲಾರದು. ಎಷ್ಟು ಪದರ ತೊಟ್ಟರೂ ಮನುಷ್ಯನ ಶಕ್ತಿಗೆ ಒಂದು ಎಲ್ಲೆಯಿದೆ. ಹೀಗಿರುವಾಗ ನಮ್ಮ ಹೊಲದಲ್ಲಿ ಬೆಳೆದು, ಹಿಮವನ್ನು ಚಿತ್ರದಲ್ಲಿ ಮಾತ್ರ ಕಂಡಿದ್ದ ಹುಡುಗರನ್ನು ನಾವು ಅಲ್ಲಿಗೆ ಕಳಿಸುತ್ತೇವೆ. ಅವರು ಯಾವ ಚಳಿಯಲ್ಲಿ, ಯಾವ ಗಾಳಿಯಲ್ಲಿ, ಏನನ್ನು ತೊಟ್ಟು ನಿಂತಿರುತ್ತಾರೆಂಬುದನ್ನು ತಿಳಿದುಕೊಳ್ಳುವುದು ಹಿಂದೆ ಉಳಿದವರ ಕನಿಷ್ಠ ಕರ್ತವ್ಯವೆಂದು ನನಗೆ ತೋರುತ್ತದೆ. “ಪಾಪ, ಚಳಿಯಾಗ ಇರ್ತಾರ” ಎಂದು ಮರುಗಿ ಸುಮ್ಮನಾಗುವುದು ಅರ್ಧ ಗೌರವ. ಅರಿತು ಮರುಗುವುದು ಪೂರ್ಣ ಗೌರವ.

ಕಲಾ ವಿಭಾಗದವರಾದ ನಮಗೆ ಹಿಮಖಂಡದಲ್ಲಿ ಏನು ಕೆಲಸವೆಂದು ಗೆಳೆಯರು ಕೇಳಬಹುದು. ಭಾರತದ ಕೇಂದ್ರಗಳು ವಿಜ್ಞಾನಿಗಳಿಂದಷ್ಟೇ ನಡೆಯುವುದಿಲ್ಲ. ವೈದ್ಯರು, ಅಡಿಗೆಯವರು, ವಾಹನ ದುರಸ್ತಿ ಮಾಡುವವರು, ಸಂಪರ್ಕ ಯಂತ್ರ ನೋಡಿಕೊಳ್ಳುವವರು ಇಲ್ಲದೆ ಅಲ್ಲಿ ಒಂದು ಚಳಿಗಾಲವೂ ಕಳೆಯಲಾರದು. ಈ ಯಾತ್ರೆಗಳನ್ನು ನಡೆಸುವ ರಾಷ್ಟ್ರೀಯ ಧ್ರುವ ಮತ್ತು ಸಾಗರ ಸಂಶೋಧನಾ ಕೇಂದ್ರವಿರುವುದು ಗೋವೆಯ ವಾಸ್ಕೋ-ಡ-ಗಾಮಾದಲ್ಲಿ. ಹುಬ್ಬಳ್ಳಿಯಲ್ಲಿ ರೈಲು ಹತ್ತಿ, ಲೋಂಡಾ, ಕ್ಯಾಸಲ್‌ರಾಕ್ ದಾಟಿ, ದೂಧಸಾಗರದ ಜಲಪಾತವನ್ನು ನೋಡುತ್ತ ಘಟ್ಟ ಇಳಿದರೆ ಅದೇ ದಿನ ಅಲ್ಲಿಗೆ ತಲುಪಬಹುದು. ನಮ್ಮ ಭೂಗೋಳ ವಿಭಾಗದ ಮುಂದಿನ ವರ್ಷದ ಪ್ರವಾಸವನ್ನು ಆ ಕಡೆಗೆ ಏರ್ಪಡಿಸಬೇಕೆಂದು ಗುರುಗಳಲ್ಲಿ ನನ್ನ ವಿನಂತಿ. ಹೋಗುವ ದಾರಿಯಲ್ಲಿ ಬೆಟದೂರಿಗೂ ಒಂದು ಗಳಿಗೆ ತಿರುಗಿ, ಆ ಯೋಧನಿಗೆ ಕೈಮುಗಿದು ಮುಂದೆ ಸಾಗೋಣ.